ಮುಟ್ಟದೆ ನುಡಿಸುವ ವಾದ್ಯ

ವೀಣೆಗೆ ಮೆಟ್ಟಿಲುಗಳುಂಟು, ಕೊಳಲಿಗೆ ರಂಧ್ರಗಳುಂಟು. ಪಿಟೀಲಿಗೆ ಮೆಟ್ಟಿಲುಗಳಿಲ್ಲವಾದರೂ ಬೆರಳು ಒತ್ತಲು ತಂತಿಯಾದರೂ ಇರುವುದು. ಥೆರೆಮಿನ್ ಎಂಬ ವಾದ್ಯದಲ್ಲಿ ಇವಾವುವೂ ಇಲ್ಲ. ಒಂದು ಪೆಟ್ಟಿಗೆ, ಅದರ ಬಲಗಡೆ ನೆಟ್ಟಗೆ ನಿಂತ ಲೋಹದ ಸರಳು, ಎಡಗಡೆ ಅಡ್ಡಲಾಗಿ ಚಾಚಿದ ಲೋಹದ ಬಳೆ, ಇಷ್ಟೇ. ಬಲಗೈಯನ್ನು ಸರಳಿನ ಸಮೀಪಕ್ಕೆ ತಂದರೆ ಸ್ವರವು ಏರುವುದು. ಎಡಗೈ ಬಳೆಯ ಸಮೀಪಕ್ಕೆ ಬಂದಂತೆ ನಾದವು ಕ್ಷೀಣಿಸಿ ಅಡಗುವುದು. ನೋಡುವವರಿಗೆ ಇದು ಇಂದ್ರಜಾಲ. ಆದರೆ ಹಣ ತೆತ್ತು ತರಿಸಿದ ವಾದ್ಯ ವಾರದೊಳಗೆ ಮೂಲೆ ಸೇರಬಾರದೆಂದಿದ್ದರೆ, ಅದರ ಒಳಗುಟ್ಟನ್ನು ತುಸು ಅರಿತಿರುವುದು ಲೇಸು.

ಇದನ್ನು ನಿರ್ಮಿಸಿದವನು ರಷ್ಯದ ಭೌತವಿಜ್ಞಾನಿ ಲೆವ್ ತೆರ್ಮೆನ್. 1920ರ ಸುಮಾರಿಗೆ ಪೆಟ್ರೊಗ್ರಾಡಿನಲ್ಲಿ ಅನಿಲಗಳ ವಿದ್ಯುದ್ಗುಣಗಳನ್ನು ಅಳೆಯುವ ಉಪಕರಣವೊಂದನ್ನು ರಚಿಸುತ್ತಿದ್ದಾಗ, ತನ್ನ ಕೈ ಹತ್ತಿರ ಬಂದೊಡನೆ ಅದರ ಸ್ವರ ಬದಲಾಗುವುದನ್ನು ಅವನು ಕಂಡನು. ಬೇರೊಬ್ಬನಾಗಿದ್ದರೆ ಅದನ್ನು ಉಪಕರಣದ ದೋಷವೆಂದು ತಿದ್ದಿಬಿಡುತ್ತಿದ್ದನೋ ಏನೋ! ತೆರ್ಮೆನ್ ಸೆಲ್ಲೊ ವಾದನವನ್ನೂ ಕಲಿತವನಾಗಿದ್ದುದರಿಂದ ಆ ದೋಷವೇ ವಾದ್ಯವಾಯಿತು.

ತಂಬೂರಿಯ ಎರಡು ತಂತಿಗಳು ಹೆಚ್ಚುಕಡಮೆ ಒಂದೇ ಶ್ರುತಿಯಲ್ಲಿದ್ದಾಗ ನಾದವು ಅಲೆಯಲೆಯಾಗಿ ಏರಿಳಿಯುವುದನ್ನು ವಾಚಕರು ಕೇಳಿರಬಹುದು. ಎರಡು ಕಂಪನಾಂಕಗಳ ವ್ಯತ್ಯಾಸವೆಷ್ಟೋ ಅಷ್ಟು ಅಲೆಗಳು ಸೆಕೆಂಡಿಗೆ ಏಳುವುವು. ಥೆರೆಮಿನ್ನಿನ ಮೂಲವೂ ಈ ವ್ಯತ್ಯಾಸವೇ. ಪೆಟ್ಟಿಗೆಯೊಳಗೆ ಎರಡು ವಿದ್ಯುದಾಂದೋಲಕಗಳಿವೆ. ಎರಡರ ಕಂಪನಾಂಕವೂ ಕಿವಿಗೆ ನಿಲುಕದಷ್ಟು ಹೆಚ್ಚು. ಒಂದು ಸೆಕೆಂಡಿಗೆ 3,00,000 ಸಲ, ಇನ್ನೊಂದು 2,99,560 ಸಲ ಆಂದೋಲಿಸುತ್ತಿವೆಯೆನ್ನೋಣ. ಎರಡನ್ನೂ ಬೆರಸಿ ವ್ಯತ್ಯಾಸವನ್ನು ಮಾತ್ರ ಸೋಸಿ ತೆಗೆದರೆ 440 ಕಂಪನಗಳ ಸ್ವರ ಧ್ವನಿವರ್ಧಕದಲ್ಲಿ ಕೇಳುವುದು. ಮೊದಲನೆಯ ಆಂದೋಲಕ ಸ್ಥಿರ. ಎರಡನೆಯದಕ್ಕೆ ಸರಳನ್ನು ಜೋಡಿಸಿದೆ. ಸರಳು ಒಂದು ಫಲಕ, ವಾದಕನ ಕೈ ಇನ್ನೊಂದು ಫಲಕ, ನಡುವೆ ಗಾಳಿ. ಇವು ಸೇರಿ ಒಂದು ವಿದ್ಯುತ್ ಧಾರಕವಾಗುವುದು. ಕೈ ಹತ್ತಿರವಾದಂತೆ ಧಾರಕತೆ ಹೆಚ್ಚಿ ಆ ಆಂದೋಲಕದ ವೇಗ ತಗ್ಗುವುದು, ವ್ಯತ್ಯಾಸ ಹಿಗ್ಗುವುದು, ಸ್ವರ ಏರುವುದು. ಮೂರು ಲಕ್ಷದಲ್ಲಿ 440ರಷ್ಟು ತಗ್ಗಲು ಮಂಡಲದ ಒಟ್ಟು ಧಾರಕತೆ ನೂರಕ್ಕೆ 0.3ರಷ್ಟು ಹೆಚ್ಚಿದರೆ ಸಾಕು!

ಈ ಸೂಕ್ಷ್ಮತೆಯೇ ವಾದ್ಯದ ಗುಣ, ಅದೇ ಅದರ ಕಾಟ. ವಾದಕನು ಮೈ ತೂಗಿದರೂ ಶ್ರುತಿ ಕದಲುವುದು. ಮಂಡಲ ಬಿಸಿಯಾಗುವವರೆಗೂ ಶ್ರುತಿ ಸರಿಯುತ್ತಿರುವುದರಿಂದ, ಗುಂಡಿಯೊತ್ತಿ ಕಾಲು ಗಂಟೆ ಕಾಯುವುದು ವಿಹಿತ.

ಆರಿಸುವಾಗ ಮೊದಲು ನೋಡತಕ್ಕದ್ದು ಸ್ಥಾಯಿಗಳ ಅಂತರವನ್ನು. ಕೆಟ್ಟ ವಾದ್ಯದಲ್ಲಿ ಸರಳಿನ ಬಳಿ ಸ್ವರಗಳು ಕಿಕ್ಕಿರಿದು, ದೂರದಲ್ಲಿ ವಿರಳವಾಗಿರುವುವು. ಒಳ್ಳೆಯದರಲ್ಲಿ ಸರಳಿಗೂ ಆಂದೋಲಕಕ್ಕೂ ನಡುವೆ ತಕ್ಕ ತಂತಿಸುರುಳಿಯನ್ನು ಸೇರಿಸಿ, ಪ್ರತಿಯೊಂದು ಸ್ಥಾಯಿಗೂ ಕೈಯ ಚಲನೆ ಹೆಚ್ಚುಕಡಮೆ ಸಮನಾಗುವಂತೆ ಮಾಡಿರುವರು. ಎರಡನೆಯದಾಗಿ, ಬಳೆಯಿಲ್ಲದ, ಒಂದೇ ಸರಳಿನ ಅಗ್ಗದ ಪೆಟ್ಟಿಗೆಗಳನ್ನು ಕಲಿಕೆಗೆಂದು ಕೊಳ್ಳಬೇಡಿ. ನಡುವೆ ನಾದವನ್ನು ತಡೆಯುವ ಉಪಾಯವಿಲ್ಲದೆ ಒಂದು ಸ್ವರ ಮತ್ತೊಂದಕ್ಕೆ ಜಾರುತ್ತಲೇ ಇರುವುದು, ಅವು ಆಟಿಕೆಗಳು. 1954ರಿಂದಲೇ ಥೆರೆಮಿನ್ ರಚಿಸುತ್ತಿದ್ದ ಅಮೆರಿಕದ ರಾಬರ್ಟ್ ಮೂಗ್ 1990ರ ದಶಕದಲ್ಲಿ ಹೊರತಂದ ಈಥರ್‌ವೇವ್‌ನಲ್ಲಿ ಎರಡೂ ಇವೆ. ಅವನ ಹೆಸರಿನ ಕಂಪನಿ 2014ರಲ್ಲಿ ತಂದ ಥೆರೆಮಿನಿ ತಪ್ಪಿದ ಸ್ವರವನ್ನು ತಾನೇ ತಿದ್ದಬಲ್ಲದು. ಈಜು ಕಲಿಯುವವನಿಗೆ ಕಟ್ಟಿದ ಸೋರೆಬುರುಡೆಯಂತೆ ಅದು ಅನುಕೂಲವೇ. ಆದರೆ ತಿದ್ದುಪಡಿ ಪೂರ್ತಿಯಾಗಿದ್ದರೆ ಗಮಕಕ್ಕೆ ಎಡೆಯೇ ಉಳಿಯದು. ಅದನ್ನು ಬೇಗ ತಗ್ಗಿಸುವುದು ಮೇಲು.

ಅಮೆರಿಕದ ಆರ್.ಸಿ.ಎ. ಕಂಪನಿ 1929ರಲ್ಲಿ ಇದನ್ನು ಮಾರಹೊರಟಾಗ, ರಾಗ ಗುನುಗಬಲ್ಲವರೆಲ್ಲ ನುಡಿಸಬಲ್ಲರೆಂಬ ಅರ್ಥದಲ್ಲಿ ಜಾಹೀರು ಮಾಡಿತು. ತಯಾರಾದುವು ಸುಮಾರು 500 ಮಾತ್ರ. ನಿಜವಾಗಿ ನುಡಿಸಿ ತೋರಿಸಿದವಳು ವಿಲ್ನಿಯಸ್‌ನಲ್ಲಿ 1911ರಲ್ಲಿ ಹುಟ್ಟಿದ ಕ್ಲಾರಾ ರಾಕ್‌ಮೋರ್. ತೋಳಿನ ತೊಂದರೆಯಿಂದ ಪಿಟೀಲು ಬಿಡಬೇಕಾಗಿ ಬಂದಾಗ ಆಕೆ ಈ ವಾದ್ಯವನ್ನು ಹಿಡಿದಳು. ಪ್ರತಿ ಸ್ವರಕ್ಕೂ ತೋಳನ್ನಾಡಿಸದೆ, ಬೆರಳುಗಳನ್ನು ಮಡಿಸಿ ಬಿಡಿಸಿ ಗಾಳಿಯಲ್ಲಿಯೇ ಸ್ವರಸ್ಥಾನಗಳನ್ನು ಕಂಡುಕೊಂಡಳು. ತೆರ್ಮೆನ್ ಆಕೆಗಾಗಿಯೇ ಐದು ಸ್ಥಾಯಿಗಳ, ನಾದ ತಡೆಯುವಲ್ಲಿ ಹೆಚ್ಚು ಚುರುಕಾದ ವಾದ್ಯವೊಂದನ್ನು ಕಟ್ಟಿಕೊಟ್ಟನು. 1977ರಲ್ಲಿ ಹೊರಬಂದ ಆಕೆಯ ಧ್ವನಿಮುದ್ರಿಕೆಯನ್ನು ಕಲಿಯುವವರು ಕೇಳಲೇಬೇಕು.

ಅಭ್ಯಾಸಕ್ಕೆ ಶ್ರುತಿಪೆಟ್ಟಿಗೆ ಜೊತೆಗಿರಲಿ. ಕಣ್ಣಿಗೆ ಗುರುತುಗಳಿಲ್ಲದ ಈ ವಾದ್ಯದಲ್ಲಿ ಕಿವಿಯೊಂದೇ ದಾರಿ. ಕೈಯನ್ನು ಭುಜದ ಬಳಿ ತಂದಾಗ ನಾದ ಅಡಗುವಂತೆ ಗುಂಡಿಯನ್ನು ತಿರುಗಿಸಿಕೊಳ್ಳಿ. ಮೊದಲ ದಿನಗಳಲ್ಲಿ ಷಡ್ಜವೊಂದನ್ನೇ ಅಲುಗದೆ ಹಿಡಿಯಿರಿ. ಬಳಿಕ ಷಡ್ಜದಿಂದ ಪಂಚಮಕ್ಕೆ ಹೋಗಿ ಹಿಂತಿರುಗಿ. ಕೈ ನಡುಗಿಸಿ ಸ್ವರವನ್ನು ಅಲುಗಿಸುವ ಚಪಲ ಎಲ್ಲರಿಗೂ ಬರುವುದು. ಅಪಶ್ರುತಿಯನ್ನು ಮುಚ್ಚಲು ಅದು ಸುಲಭೋಪಾಯ, ಆದುದರಿಂದಲೇ ಕೆಲವು ತಿಂಗಳು ವರ್ಜ್ಯ. ಧ್ವನಿವರ್ಧಕವನ್ನು ಬೆನ್ನ ಹಿಂದೆ ತಲೆಯ ಎತ್ತರದಲ್ಲಿಟ್ಟರೆ ಮೆಲ್ಲನೆ ನುಡಿಸಿದರೂ ಸ್ವರ ಸ್ಪಷ್ಟವಾಗಿ ಕೇಳುವುದು. ಕಬ್ಬಿಣದ ಬೀರು ಸರಳಿಗೆ ದೂರವಿರಲಿ. ಮನೆಯ ಮಕ್ಕಳು ಕುತೂಹಲದಿಂದ ಹತ್ತಿರ ಬಂದರೆ ಅವರೂ ಧಾರಕದ ಫಲಕಗಳೇ ಆಗುವರು.