ಎರಡು ನಾಡಿನ ಮಕ್ಕಳು, ಎರಡು ನುಡಿಯ ಪದ್ಯಗಳು

ಪ್ರತಿಯೊಂದು ಪದ್ಯವೂ ಎರಡು ಸಲ ಅಚ್ಚಾಗಿರುವ ಮಕ್ಕಳ ಪುಸ್ತಕವೊಂದಿದೆ: ಒಮ್ಮೆ ಸ್ಪ್ಯಾನಿಷ್ ಭಾಷೆಯಲ್ಲಿ, ಇನ್ನೊಮ್ಮೆ ಇಂಗ್ಲಿಷಿನಲ್ಲಿ. ಹೋರ್ಹೆ ಅರ್ಗೇತಾ ಎಂಬ ಕವಿಯ ಈ ಸಂಕಲನ ಪ್ರಕಟವಾದದ್ದು 2001ರಲ್ಲಿ. ಅದರ ಹೆಸರನ್ನು ಕನ್ನಡದಲ್ಲಿ ‘ನನ್ನ ದಿಂಬಿನಲ್ಲೊಂದು ಚಲನಚಿತ್ರ’ ಎನ್ನಬಹುದು. ಎಲ್ ಸಾಲ್ವಡಾರ್ ದೇಶದಿಂದ ತಂದೆಯೊಡನೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಬಂದ ಬಾಲಕನೊಬ್ಬನು ಅಲ್ಲಿ ಮಾತನಾಡುತ್ತಾನೆ. ಹಗಲು ಹೊಸ ನಗರದ ಬೀದಿ; ರಾತ್ರಿ ಕಣ್ಣು ಮುಚ್ಚಿದರೆ ಬಿಟ್ಟುಬಂದ ಊರು ಮತ್ತು ಅಜ್ಜಿ.

ಆ ದೇಶವನ್ನು ನಮ್ಮ ಓದುಗರು ಸಂತ ಆಸ್ಕರ್ ರೊಮೆರೊ ಅವರ ನಾಡೆಂದು ಬಲ್ಲರು. ಆ ಮಹಾಧರ್ಮಾಧ್ಯಕ್ಷರು ಬಲಿಪೂಜೆ ಅರ್ಪಿಸುತ್ತಿರುವಾಗಲೇ 1980ರ ಮಾರ್ಚ್ 24ರಂದು ಗುಂಡಿಗೆ ಆಹುತಿಯಾದರು. 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ಅಸಂಖ್ಯ ಕುಟುಂಬಗಳು ನಾಡು ತೊರೆದವು. ಆ ಮಕ್ಕಳ ಅಳಲೇ ಈ ಪದ್ಯಗಳ ಹಿನ್ನೆಲೆ.

ಇದು ನಮಗೆ ದೂರದ ಕಥೆಯೇನೂ ಅಲ್ಲ. 1955ರಲ್ಲಿ ಗೋವೆಯ ಗಡಿ ಮುಚ್ಚಿದಾಗ, ಅತ್ತ ತವರು, ಇತ್ತ ಗಂಡನ ಮನೆ ಇದ್ದವರಿಗೆ ಗೋವೆ ಪರದೇಶವೇ ಆಗಿತ್ತು; 1961ರ ಡಿಸೆಂಬರ್ 19ರವರೆಗೂ ಅದು ಪೋರ್ಚುಗೀಸರ ಅಧೀನದಲ್ಲಿತ್ತು. 1990ರಲ್ಲಿ ಕುವೈತ್ ಆಕ್ರಮಣಕ್ಕೊಳಗಾದಾಗ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಭಾರತೀಯರನ್ನು ವಿಮಾನಗಳಲ್ಲಿ ತಾಯ್ನಾಡಿಗೆ ಕರೆತರಲಾಯಿತು. ಅಲ್ಲಿಯೇ ಹುಟ್ಟಿ ಬೆಳೆದ ಮಗುವಿಗೆ ಅದು ಮರಳಿಕೆಯೋ ವಲಸೆಯೋ ಎಂದು ಯಾರು ಕೇಳಿದರು?

ಗಜೇಂದ್ರಗಡದ ಸೀಮೆಯ ಪುರ್ತಗೇರಿಯಂತಹ ಊರನ್ನು ನೆನೆಯೋಣ. ಈ ಎರೆ ಹೊಲಗಳ ನಾಡಿನಿಂದ ದುಡಿಮೆಗಾಗಿ ಗೋವೆಗೆ, ಮಂಗಳೂರಿಗೆ ಹೋಗುವ ಮನೆತನಗಳು ಅನೇಕ. ದಾಟುವುದು ದೇಶದ ಗಡಿಯಲ್ಲ. ಆದರೂ ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು. ಬಿಳಿಜೋಳದ ರೊಟ್ಟಿ ತಟ್ಟುವ ಸಪ್ಪಳವನ್ನು ಸಮುದ್ರದ ಊರಿನ ಗೆಳೆಯನಿಗೆ ಮಗು ಯಾವ ಮಾತಿನಲ್ಲಿ ತಿಳಿಸಬೇಕು?

ಎರಡು ನುಡಿಗಳು ಮಗುವಿಗೆ ಹೊರೆಯೆಂಬ ಭಯ ಹಲವು ತಂದೆತಾಯಂದಿರಲ್ಲಿದೆ. ಕನ್ನಡದ ಅನುಭವ ಹಾಗೆ ಹೇಳುವುದಿಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಕನ್ನಡದ ಮಕ್ಕಳಿಗೆ ಹಾಡು ಕೊಟ್ಟವರಲ್ಲಿ ಅವರೇ ಅಗ್ರಗಣ್ಯರು. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ. ಮನೆಯ ನುಡಿಯನ್ನು ಬಿಡದೆಯೇ ಅವರು ನಾಡಿನ ನುಡಿಯನ್ನು ಬೆಳಗಿದರು.

ದ್ವಿಭಾಷಾ ಪದ್ಯದ ಹಿರಿಮೆ ಇರುವುದು ಇಲ್ಲಿಯೇ. ‘ನೀನು ಯಾವ ಊರಿನವನು?’ ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡಬೇಕೆಂದು ಅದು ಮಗುವನ್ನು ಪೀಡಿಸುವುದಿಲ್ಲ. ಒಂದು ಪುಟವನ್ನು ಅಜ್ಜಿ ಓದಬಲ್ಲಳು, ಎದುರಿನ ಪುಟವನ್ನು ಸಹಪಾಠಿ ಓದಬಲ್ಲನು. ನಡುವೆ ನಿಂತ ಮಗು ಇಬ್ಬರಿಗೂ ಸೇತುವೆ.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಈ ರಜೆಯಲ್ಲಿ ದುಬೈಯಿಂದಲೋ ಗೋವೆಯಿಂದಲೋ ಮಕ್ಕಳು ಬಂದಾಗ ಒಂದು ಪಟ್ಟಿ ಪುಸ್ತಕ ಕೊಡಿ. ಎಡಪುಟದಲ್ಲಿ ಮನೆಯ ನುಡಿ, ಬಲಪುಟದಲ್ಲಿ ಶಾಲೆಯ ನುಡಿ. ಲಿಪಿ ಬಾರದಿದ್ದರೆ ಮಗು ಹೇಳಲಿ, ಅಜ್ಜ ಬರೆದುಕೊಳ್ಳಲಿ. ತಪ್ಪುಗಳನ್ನು ಆಮೇಲೆ ತಿದ್ದೋಣ. ಅಜ್ಜಿಯೊಡನೆ ಮಾತನಾಡಲು ಮೊಮ್ಮಗುವಿಗೆ ದುಭಾಷಿ ಬೇಕಾಗುವ ದಿನ ನಮ್ಮ ಮನೆಗಳಿಗೆ ಬಾರದಿರಲಿ.