ಸವನ್ನಾದ ಹುಲ್ಲೂ ನಮ್ಮ ಗೋಮಾಳವೂ

ಮಾಲೂರು, ಬಂಗಾರಪೇಟೆಗಳ ಗಡಿಯ ಹಳ್ಳಿಗಳಲ್ಲಿ ಆನೆಯನ್ನು ಕಾಣಲು ಯಾರೂ ಆಫ್ರಿಕಕ್ಕೆ ಹೋಗಬೇಕಾಗಿಲ್ಲ. ಹೊಸೂರು ಸೀಮೆಯಿಂದಲೂ ಆಂಧ್ರದ ಕೌಂಡಿನ್ಯ ಅಭಯಾರಣ್ಯದಿಂದಲೂ ಬರುವ ಹಿಂಡುಗಳು ತೆನೆಗಟ್ಟಿದ ರಾಗಿಯ ಹೊಲವನ್ನು ತುಳಿದು ಹೋಗುವುದು ಅಲ್ಲಿ ಅಪರೂಪವಲ್ಲ. ಪಟಾಕಿ ಹಿಡಿದು ರಾತ್ರಿಯೆಲ್ಲ ಹೊಲ ಕಾಯುವ ರೈತನಿಗೆ, ಈ ಆನೆಯ ದಾಯಾದಿಯನ್ನು ನೋಡಲೆಂದು ಲಕ್ಷಗಟ್ಟಲೆ ತೆತ್ತು ಕಡಲು ದಾಟುವವರಿದ್ದಾರೆಂದರೆ ನಗು ಬಂದೀತು. ಆದರೂ ಕೋಲಾರದ ಕಡೆಯವರು ಸಫಾರಿಗೆ ಹೊರಟರೆ, ಅಲ್ಲಿ ಅವರಿಗೆ ಮೊದಲು ಪರಿಚಿತವೆನಿಸುವುದು ಮೃಗವಲ್ಲ, ನೆಲ.

ಸವನ್ನಾ ಎಂಬುದು ಕಾಡಲ್ಲ. ಹುಲ್ಲೇ ಪ್ರಧಾನವಾಗಿ, ಜಾಲಿಯ ಕುಲದ ಮರಗಳು ಅಲ್ಲೊಂದು ಇಲ್ಲೊಂದು ನಿಂತ ಬಯಲದು. 1951ರಲ್ಲಿ ರಾಷ್ಟ್ರೀಯ ಉದ್ಯಾನವಾದ ಟಾಂಜಾನಿಯದ ಸೆರೆಂಗೆಟಿಯ ವಿಸ್ತೀರ್ಣ 14,763 ಚದರ ಕಿಲೋಮೀಟರು. ಅದಕ್ಕೆ ಉತ್ತರದಲ್ಲಿ ಅಂಟಿಕೊಂಡಿರುವುದು ಕೀನ್ಯಾದ ಮಸಾಯಿ ಮಾರಾ. ಈ ಎರಡರ ನಡುವೆ ಮಳೆಯನ್ನೂ ಹಸಿರನ್ನೂ ಅನುಸರಿಸುತ್ತ ಹತ್ತು ಲಕ್ಷಕ್ಕೂ ಮಿಗಿಲಾದ ವೈಲ್ಡ್‌ಬೀಸ್ಟ್‌ಗಳು ವರ್ಷವಿಡೀ ಸುತ್ತುತ್ತವೆ. ಫೆಬ್ರವರಿಯ ಆಸುಪಾಸಿನ ಕೆಲವೇ ವಾರಗಳಲ್ಲಿ ಬಹುಪಾಲು ಕರುಗಳು ಹುಟ್ಟುತ್ತವೆ. ನೆಲಕ್ಕೆ ಬಿದ್ದ ಕರು ನಿಮಿಷಗಳಲ್ಲೇ ನಡುಗುವ ಕಾಲುಗಳ ಮೇಲೆ ಎದ್ದು, ತಾಯಿಯ ಬೆನ್ನು ಹಿಡಿದು ಓಡತೊಡಗುತ್ತದೆ.

ದನಕರುಗಳನ್ನು ನಂಬಿ ಬಾಳುವ ಶ್ರೀನಿವಾಸಪುರ, ಮುಳಬಾಗಿಲುಗಳ ಓದುಗರು ಇಲ್ಲಿ ಮನಸ್ಸಿಡಬೇಕಾದ ಕಥೆಯೊಂದುಂಟು. ನಮ್ಮ ಹಿರಿಯರು ದೊಡ್ಡರೋಗವೆಂದು ಹೆದರುತ್ತಿದ್ದ ದನದ ಪಿಡುಗು 1890ರ ದಶಕದಲ್ಲಿ ಪೂರ್ವ ಆಫ್ರಿಕವನ್ನು ಹೊಕ್ಕು, ಮಸಾಯಿ ಜನರ ಹಟ್ಟಿಗಳನ್ನು ಬರಿದು ಮಾಡಿದ್ದಲ್ಲದೆ ವೈಲ್ಡ್‌ಬೀಸ್ಟ್‌ಗಳ ಎಳೆಗರುಗಳನ್ನೂ ದಶಕಗಳ ಕಾಲ ಬಲಿ ತೆಗೆದುಕೊಂಡಿತು. ಸುತ್ತಲಿನ ಸಾಕುದನಗಳಿಗೆ ಲಸಿಕೆ ಹಾಕಿದ ಮೇಲೆ, 1960ರ ದಶಕದ ಆದಿಯಲ್ಲಿ ಸುಮಾರು ಎರಡೂವರೆ ಲಕ್ಷದಷ್ಟಿದ್ದ ಮಂದೆ 1970ರ ದಶಕ ಮುಗಿಯುವುದರೊಳಗೆ ಹತ್ತು ಲಕ್ಷವನ್ನು ಮೀರಿತು! ಇಷ್ಟೊಂದು ಬಾಯಿಗಳು ಹುಲ್ಲು ಮೇಯಲಾಗಿ ಕಾಳ್ಗಿಚ್ಚಿಗೆ ಉರಿಯಲು ಒಣಹುಲ್ಲು ಸಾಲದಾಯಿತು. ಬೆಂಕಿ ತಗ್ಗಿದ್ದರಿಂದ ಮರದ ಸಸಿಗಳು ಬದುಕಿದುವು. ಇದೇ ರೋಗದ ನಿವಾರಣೆಗಾಗಿ ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಆರಂಭವಾದುದು. 2011ರಲ್ಲಿ ದೊಡ್ಡರೋಗವು ಲೋಕದಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಯಿತು. ಪ್ರವಾಸಿಯ ಕ್ಯಾಮೆರಾ ಸಿಂಹವನ್ನೇ ಅರಸುವುದು ಸಹಜ. ಆದರೆ ಸಿಂಹಕ್ಕೆ ಆಹಾರವನ್ನು ಉಳಿಸಿಕೊಟ್ಟವರಲ್ಲಿ ಪಶುವೈದ್ಯನೂ ಒಬ್ಬನೆಂಬುದನ್ನು ಮರೆಯಲಾಗದು.

ಮಾರಾ ನದಿಯನ್ನು ಮಂದೆ ದಾಟುವುದನ್ನು ನೋಡಬೇಕೆನ್ನುವವರು ಜುಲೈಯಿಂದ ಅಕ್ಟೋಬರಿನ ನಡುವೆ ಹೋಗತಕ್ಕದ್ದು. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನಗಳಿಗೆ ಮೊದಲೇ ಹಾಕಿಸಿಕೊಳ್ಳಬೇಕು. ಕೀನ್ಯಾದಿಂದ ಹಿಂದಿರುಗುವಾಗ ಅದರ ಪ್ರಮಾಣಪತ್ರವನ್ನು ಇಲ್ಲಿ ಕೇಳುತ್ತಾರೆ.

ನಮ್ಮ ಬಯಲುಗಳ ಗತಿ ಬೇರೆ. ಹುಲ್ಲುಗಾವಲನ್ನು ನಾವು ಬಂಜರೆಂದು ಬಗೆದೆವು; 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ಉದ್ದಗಲಕ್ಕೂ ನೀಲಗಿರಿ ಹಬ್ಬಿತು, 2017ರಲ್ಲಿ ಸರ್ಕಾರವೇ ಅದನ್ನು ನೆಡುವುದನ್ನು ನಿಷೇಧಿಸಬೇಕಾಯಿತು. ಆದರೂ ಚಿನ್ನದ ಗಣಿಯ ಸುತ್ತಣ ಬಯಲಿನಲ್ಲಿ ಕೃಷ್ಣಮೃಗಗಳು ಇನ್ನೂ ಉಳಿದುಕೊಂಡಿವೆ. ಆಫ್ರಿಕದ ಟಿಕೇಟಿಗೆ ಹಣ ಕೂಡುವವರೆಗೆ ಓದುಗರು ಅವನ್ನೂ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಧಾಮವನ್ನೂ ಒಮ್ಮೆ ನೋಡಿ ಬರಬಹುದು.