ಮೊಣಕಾಲುದ್ದ ನೀರಿನ ಅತಿಥಿಗಳು

ಚಳಿಗಾಲದ ಒಂದು ಭಾನುವಾರ ಭಿಗವಣಕ್ಕೆ ಹೋಗುವುದು ನಮ್ಮ ಚಿಂಚವಾಡದ ಗೆಳೆಯರ ರೂಢಿ. ಪುಣೆಯಿಂದ ಸುಮಾರು 100 ಕಿಲೋಮೀಟರ್, ಭೀಮಾ ನದಿಯ ಉಜನಿ ಜಲಾಶಯದ ಹಿನ್ನೀರು. ಒಮ್ಮೆ ದೋಣಿಯವನು ನೀರಿಗೆ ಕೋಲು ಇಳಿಸಿ ತೋರಿಸಿದ: "ಇಲ್ಲಿ ಮೊದಲು ಹೊಲ ಇದ್ದವು. ಆಳ ಇಲ್ಲ, ಅದಕ್ಕೇ ಹಕ್ಕಿ ಇಳಿಯುತ್ತವೆ." ಆ ಮಾತು ತಲೆಯಲ್ಲೇ ಉಳಿಯಿತು.

ನಮ್ಮೂರು ಗದಗ ಜಿಲ್ಲೆಯ ಶಿರಹಟ್ಟಿ ಸೀಮೆ, ಮಾಗಡಿ ಕೆರೆಗೆ ಹತ್ತಿರ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಕೆರೆ ಅದು. 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ನಮ್ಮ ಎರೆ ಹೊಲದ ತಗ್ಗಿನ ಅರ್ಧ ಎಕರೆಯಲ್ಲಿ ಮಳೆಗಾಲದ ನೀರು ನಿಂತು ಹೆಸರು ಕೊಳೆಯುತ್ತಿತ್ತು. ಅಲ್ಲಿ ಕೃಷಿ ಹೊಂಡ ತೆಗೆಸಬೇಕೆಂದು ಅಣ್ಣನ ವಿಚಾರ. ನಾನು ಬೇರೆಯದೇ ಹೇಳಿದೆ.

ಕೃಷಿ ಹೊಂಡ ಆಳ, ಅಂಚು ಕಡಿದು. ಪ್ಲಾಸ್ಟಿಕ್ ಹಾಸಿದ್ದರೆ ಒಳಗೆ ಬಿದ್ದ ನಾಯಿಯೂ ಮೇಲೆ ಬರಲಾರದು. ಸೂಜಿಬಾಲದ ಬಾತಿನಂಥವು ಮುಳುಗು ಹಾಕಿ ಮೇಯುವ ಹಕ್ಕಿಗಳಲ್ಲ. ಬಾಲ ಮೇಲೆತ್ತಿ, ತಲೆ ಕೆಳಗೆ ಮಾಡಿ, ಕೊಕ್ಕು ಮುಟ್ಟುವಷ್ಟೇ ಆಳದಲ್ಲಿ ಬೀಜ, ಹುಳು ಹುಡುಕುತ್ತವೆ. ಅವಕ್ಕೆ ಅರ್ಧ ಅಡಿಯಿಂದ ಒಂದಡಿ ನೀರು ಸಾಕು.

"ನಿನ್ನ ಪಗಾರ ಪುಣೇದಾಗ ಐತಿ ತಮ್ಮಾ. ನನ್ನ ಪಗಾರ ಈ ಹೊಲದಾಗ," ಎಂದ ಅಣ್ಣ. ಮಾತು ಖರೆ. ಹಿಂಗಾರಿನಲ್ಲಿ ಅಲ್ಲಿ ಬೆಳೆಯುತ್ತಿದ್ದ ಕಡಲೆಯ ದುಡ್ಡು ವರ್ಷಾ ನಾನು ಕೊಡುವುದೆಂದು ಒಪ್ಪಂದವಾಯಿತು.

ಬೇಸಿಗೆಯಲ್ಲಿ ತಗ್ಗಿನ ಕಡೆ ಎರಡಡಿ ಎತ್ತರದ ಒಡ್ಡು ಹಾಕಿದೆವು. ಹೆಚ್ಚಾದ ನೀರಿಗೆ ಕಲ್ಲಿನ ಕೋಡಿ. ಒಡ್ಡಿನಡಿ ಒಂದು ಪಿವಿಸಿ ಪೈಪ್, ಅದರ ತುದಿಗೆ ಎಲ್ಬೋ. ಎಲ್ಬೋ ತುಸು ತುಸು ವಾಲಿಸಿದರೆ ನೀರು ನಾಲ್ಕು ಬೆರಳಿನಷ್ಟು ಇಳಿಯುತ್ತದೆ.

ಮೊದಲ ವರ್ಷ ಬಂದದ್ದು ಬೆಳ್ಳಕ್ಕಿ ಮತ್ತು ಪಕ್ಕದ ಹೊಲದವರ ಎಮ್ಮೆ! ತಪ್ಪು ನನ್ನದೇ. ಚೆಂದ ಕಾಣಲೆಂದು ತಳದ ಕಸವನ್ನೆಲ್ಲ ಕೀಳಿಸಿದ್ದೆ. ಬೀಜವಿಲ್ಲದ ನೀರು ಊಟವಿಲ್ಲದ ಖಾನಾವಳಿ. ಮರುವರ್ಷ ಜೇಕು, ಹುಲ್ಲು ಬೆಳೆದು ಬೀಜ ಕಟ್ಟುವವರೆಗೆ ಬಿಟ್ಟು, ಆಮೇಲೆ ಪೈಪ್ ಎತ್ತರಿಸಿ ನೀರು ನಿಲ್ಲಿಸಿದೆವು. ಮೇಲಿನ ಹೊಲಕ್ಕೆ ಹೊಡೆದ ಔಷಧದ ನೀರು ಇಳಿಯದಂತೆ ಅಣ್ಣ ಬದು ತಿರುಗಿಸಿದ.

ನವೆಂಬರಿನ ಒಂದು ಬೆಳಿಗ್ಗೆ ನಾನು ಭೋಸರಿಯಲ್ಲಿ ಫಸ್ಟ್ ಶಿಫ್ಟಿಗೆ ಹೊರಟಾಗ ಫೋನ್ ಬಂತು. "ತಮ್ಮಾ, ಬಾತು ಇಳದಾವ!" ವಿಡಿಯೋದಲ್ಲಿ ಹನ್ನೊಂದು ಎಣಿಸಿದೆ. ಡಿಸೆಂಬರಿನಲ್ಲಿ ನೀರು ಮೆಲ್ಲಗೆ ಇಳಿಸಿದಾಗ ಕೆಸರಿನ ಅಂಚಿಗೆ ಮೆಟ್ಟುಗಾಲ ಹಕ್ಕಿಗಳೂ ಬಂದವು.

ಜನವರಿಯಲ್ಲಿ ಮತ್ತೊಂದು ಫೋನ್, ಈ ಸಲ ಸಿಟ್ಟಿನದು. ಹೆಬ್ಬಾತುಗಳು ಹಗಲು ದೊಡ್ಡ ಕೆರೆಯಲ್ಲಿದ್ದು ರಾತ್ರಿ ಹೊಲಗಳಲ್ಲಿ ಮೇಯುತ್ತವೆ. ನಮ್ಮ ಕುಂಟೆಯತ್ತ ನೋಡದೆ ಅಣ್ಣನ ಕಡಲೆಗೇ ಇಳಿದಿದ್ದವು. "ಕರದಾಂವ ನೀ. ಉಣ್ಣಾಕ ಇಟ್ಟಾಂವ ನಾ."

ಮಾಗಡಿ ಸುತ್ತ ಹೆಬ್ಬಾತು ಮೊದಲಿನಿಂದಲೂ ಹೊಲಕ್ಕೆ ಇಳಿಯುತ್ತವೆ, ನಮ್ಮ ಕುಂಟೆ ಇಲ್ಲದಿದ್ದರೂ ಬರುತ್ತಿದ್ದವು ಎನ್ನಬಹುದಿತ್ತು. ಎನ್ನಲಿಲ್ಲ. ಯುಗಾದಿಗೆ ಊರಿಗೆ ಹೋದಾಗ ಕೇಳಿದೆ, "ಅಣ್ಣಾ, ಒಡ್ಡು ಒಡೆದುಬಿಡೋಣೇನು?"

ಆಗಲೇ ಕುಂಟೆ ಒಣಗಿ ಎರೆ ಬಿರುಕು ಬಿಟ್ಟಿತ್ತು. ಅಣ್ಣ ಹೆಂಟೆಯೊಂದನ್ನು ಎತ್ತಿ ಪುಡಿ ಮಾಡಿ ನೋಡಿದ. "ಇರಲಿ ಬಿಡು. ಮುಂದಿನ ಸಲ ಬರಾಗ ಒಂದು ಎಲ್ಬೋ ತಗೊಂಡು ಬಾ, ಇದು ಬಿಸಿಲಿಗೆ ಸೀಳೈತಿ."

ಊರಲ್ಲಿ ತಗ್ಗಿನ ಹೊಲ ಇರುವ ಗೆಳೆಯರೇ, ನೀವೂ ಮಾಡಿ ನೋಡಿ. ಆದರೆ ಹಕ್ಕಿಯನ್ನು ಕರೆಯುವ ಮೊದಲು, ಆ ಹೊಲ ಉಳುವವರನ್ನು ಕೇಳಿ.